ಶಾಸನವಿಲ್ಲದ ತಡೆ



ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ವಕೀಲರು ಕೂಡಿ ನಡೆಸುತ್ತಿರುವ ಈ ಸಮ್ಮೇಳನದ ಅಧ್ಯಕ್ಷಪೀಠದಿಂದ ಅಂತರರಾಷ್ಟ್ರೀಯ ಆರ್ಥಿಕ ದಿಗ್ಬಂಧನವನ್ನು ಕುರಿತು ಮಾತನಾಡುವೆನೆಂದಾಗ, ಭತ್ತದ ನಾಡಿಗೆ ಈ ದೂರದ ವಿಚಾರವೇಕೆಂದು ಮಿತ್ರರೊಬ್ಬರು ಶಂಕಿಸಿದರು. ಅವರಿಗೆ ನಾನು ನಮ್ಮಜ್ಜಿಯ ಉಪ್ಪಿನ ಗಡಿಗೆಯನ್ನು ನೆನಪಿಸಬೇಕಾಯಿತು.

1948ರಲ್ಲಿ ಈ ಊರುಗಳು ನಿಜಾಮರ ರಾಯಚೂರು ಜಿಲ್ಲೆಗೆ ಸೇರಿದ್ದವು. ತುಂಗಭದ್ರೆಯ ಆಚೆ ದಡ ಮದರಾಸು ಪ್ರಾಂತ. ಈಚೆ ನಿಜಾಮರ ಹಾಲಿ ಸಿಕ್ಕಾ ರೂಪಾಯಿ, ಆಚೆ ಭಾರತದ ಕಲ್ದಾರ್ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರೆಂಬ ಲೆಕ್ಕ ಸಂತೆಯ ಮುದುಕಿಗೂ ಬಾಯಿಪಾಠ. ಹೊಳೆ ದಾಟುವ ಸರಕು ನಿಂತ ಆ ವರ್ಷ ನಮ್ಮಜ್ಜಿ ಉಪ್ಪನ್ನು ಹಿಡಿಯಿಂದಲ್ಲದೆ ಚಿಟಿಕೆಯಿಂದ ಹಾಕುತ್ತಿದ್ದಳಂತೆ. ಕಡೆಗೆ ಬರಿದಾದ ಗಡಿಗೆಯನ್ನು ತೊಳೆದ ನೀರನ್ನೂ ಸಾರಿಗೆ ಸುರಿದಳಂತೆ.

ಭಾರತದ ಕಡೆಯಿಂದಾದ ಈ ತಡೆಗೆ ಹೈದರಾಬಾದು ಆರ್ಥಿಕ ದಿಗ್ಬಂಧನವೆಂದು ಹೆಸರಿಟ್ಟಿತು. ದಿಲ್ಲಿ ಆ ಹೆಸರನ್ನು ಒಪ್ಪಲಿಲ್ಲ. 1947ರ ನವೆಂಬರ್ 29ರಂದು ಭಾರತ ಹೈದರಾಬಾದುಗಳ ನಡುವಣ ಯಥಾಸ್ಥಿತಿ ಒಪ್ಪಂದಕ್ಕೆ ರುಜುವಾದ ಸ್ವಲ್ಪ ಕಾಲದಲ್ಲಿಯೇ ನಿಜಾಮ ಸರ್ಕಾರವು ಬೆಲೆಬಾಳುವ ಲೋಹಗಳ ರಫ್ತನ್ನು ನಿಷೇಧಿಸಿ, ಭಾರತದ ನಾಣ್ಯದ ಚಲಾವಣೆಗೂ ಅಡ್ಡಿಯೊಡ್ಡಿತ್ತು. ಅದೇ ವರ್ಷ ಹಟ್ಟಿಯ ಚಿನ್ನಕ್ಕೆಂದು ಹೊಸ ಕಂಪನಿ ಸ್ಥಾಪಿತವಾಗಿದ್ದುದನ್ನು ಬಲ್ಲ ಲಿಂಗಸುಗೂರಿನವರಿಗೆ ಇದರ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಒಪ್ಪಂದದಲ್ಲಿಯೇ, ವಿವಾದ ಹುಟ್ಟಿದರೆ ಉಭಯರೂ ಒಬ್ಬೊಬ್ಬ ಪಂಚನನ್ನು ನೇಮಿಸತಕ್ಕದ್ದು, ಆ ಇಬ್ಬರು ಮೂರನೆಯ ನಿರ್ಣಾಯಕನನ್ನು ಆರಿಸತಕ್ಕದ್ದು ಎಂಬ ವಿಧಿ ಇದ್ದಿತು. ಅದು ಕಾಗದದಲ್ಲಿಯೇ ಉಳಿಯಿತು. ನಿಜಾಮರ ಪಕ್ಷದ ರಜಾಕಾರ ಪಡೆಯ ಹಾವಳಿಯಿಂದ ಜನ ಊರು ಬಿಟ್ಟು ಓಡುತ್ತಿದ್ದಾಗ ಪಂಚರನ್ನು ಹುಡುಕುವ ವ್ಯವಧಾನ ಯಾರಿಗಿದ್ದೀತು, ನಿಜ. ಆದರೂ ವಕೀಲನ ಮನಸ್ಸಿಗೆ ಅದೊಂದು ಮುಳ್ಳು.

ಹೈದರಾಬಾದು ಪರರಾಷ್ಟ್ರವಾಗಿದ್ದರೆ ತಡೆಯ ವಿಚಾರ ಅಂತರರಾಷ್ಟ್ರೀಯ ನ್ಯಾಯಕ್ಕೆ ಸೇರತಕ್ಕದ್ದು. ಭಾರತದ ಅಂಗವಾಗಿದ್ದರೆ ಅದು ಮನೆಯೊಳಗಿನ ಸಾಗಣೆ ನಿಯಂತ್ರಣ. ವಿಶ್ವಸಂಸ್ಥೆಯ ಸನ್ನದಿನ 41ನೆಯ ವಿಧಿಯಂತೆ ಭದ್ರತಾ ಮಂಡಳಿ ವಿಧಿಸುವ ದಿಗ್ಬಂಧನವನ್ನು ನಮ್ಮಲ್ಲಿ ಜಾರಿಗೊಳಿಸಲು 1947ರದೇ ಪ್ರತ್ಯೇಕ ಅಧಿನಿಯಮವುಂಟು. ಅದರನ್ವಯ ಕೇಂದ್ರ ಸರ್ಕಾರವು ರಾಜಪತ್ರದಲ್ಲಿ ಆಜ್ಞೆಯನ್ನು ಪ್ರಕಟಿಸಬೇಕು. ಹೊಳೆಯ ದಡದ ತಡೆಯಾದರೋ ಮಂಡಳಿಯ ನಿರ್ಣಯದಿಂದ ಹುಟ್ಟಿದುದಲ್ಲ. ಬರೆದ ಆಜ್ಞೆಯಿದ್ದರೆ ಅದರ ಅಧಿಕಾರವನ್ನು ಪ್ರಶ್ನಿಸಬಹುದು, ಔಷಧಕ್ಕೂ ಉಪ್ಪಿಗೂ ವಿನಾಯಿತಿ ಬೇಡಬಹುದು. ನಾಕೆಯ ಪೇದೆಯ ಅಡ್ಡಗೈಯ ಮೇಲೆ ಯಾವ ನ್ಯಾಯಾಲಯಕ್ಕೆ ಅಪೀಲು? ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಶಾಸನವನ್ನು ನೋಡಿರಿ: ಅಶೋಕನು ಹೇಳಬೇಕಾದುದನ್ನು ತನ್ನ ಹೆಸರು ಸಹಿತ ಕಲ್ಲಿನಲ್ಲಿ ಕೆತ್ತಿಸಿದನು.

ತಡೆಯುಂಟಾದಲ್ಲಿ ಕಳ್ಳದಾರಿಯೂ ಉಂಟು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯನ್ ವೈಮಾನಿಕ ಕರಾಚಿಯಿಂದ ನಿಜಾಮರಿಗೆ ಶಸ್ತ್ರಗಳನ್ನು ಹಾರಿಸಿ ತಂದನು. ಬ್ರಿಟನ್ನಿನ ನ್ಯಾಯಾಲಯ ಆಮೇಲೆ ಅವನಿಗೆ ವಿಧಿಸಿದ ದಂಡ 200 ಪೌಂಡು. ಶಸ್ತ್ರ ಹಾರಿ ಬಂದಿತು, ಉಪ್ಪು ಬರಲಿಲ್ಲ.

ಹೈದರಾಬಾದು 1948ರ ಆಗಸ್ಟ್ 21ರಂದು ಭದ್ರತಾ ಮಂಡಳಿಗೆ ದೂರಿತ್ತಿತು. ಮಂಡಳಿ ಅದನ್ನು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ರಂದು. ಮರುದಿನ ನಿಜಾಮರ ಸೈನ್ಯ ಭಾರತದ ಸೈನ್ಯಕ್ಕೆ ಶರಣಾಯಿತು. ಹೈದರಾಬಾದು ರಾಷ್ಟ್ರವೋ ಅಲ್ಲವೋ ಎಂಬ ಮೊದಲ ಪ್ರಶ್ನೆಗೂ ಮಂಡಳಿ ತೀರ್ಪು ಕೊಡಲಿಲ್ಲ. ಗಡಿಗೆಗೆ ಮಾತ್ರ ಉಪ್ಪು ಬಂದಿತು.