ಅಂಗಡಿಗೂ ಲೆಕ್ಕದ ಪುಸ್ತಕ ಬೇಕು
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ನಾವು ಬೆಳೆದ ಸೊಪ್ಪು, ತರಕಾರಿ ಗಿರಾಕಿಗೆ ಮುಟ್ಟುವುದು ಮೈಸೂರಿನ ಸಣ್ಣ ಅಂಗಡಿಯವರಿಂದ. ಅವರಿಗೆ ತೊಂದರೆಯಾದರೆ ನಮ್ಮ ಮಾಲೂ ಉಳಿದುಹೋಗುತ್ತದೆ.

2025ರ ಜುಲೈನಲ್ಲಿ ಯುಪಿಐ ಜಮಾ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾಲು, ತರಕಾರಿ ಮಾರುವವರಿಗೂ ಬಂತು. ಎಷ್ಟೋ ಜನ ಹೆದರಿ ಸ್ಕ್ಯಾನ್ ಬೋರ್ಡು ತೆಗೆದು, ನಗದೇ ಕೊಡಿ ಅಂದರು. ನೋಂದಣಿ ಮಾಡಿಸಿದರೆ ಹಳೇ ಬಾಕಿ ಕೇಳೋದಿಲ್ಲ ಅಂತ ಆಮೇಲೆ ಮುಖ್ಯಮಂತ್ರಿಗಳು ಹೇಳಿದರು.

ಕಾನೂನು ಇಷ್ಟೇ. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಬರೀ ತಾಜಾ ತರಕಾರಿ ಮಾರುವವರಿಗೆ ಬೇಡ. ಆದರೆ ಜತೆಗೆ ಸೋಪು, ಬಿಸ್ಕತ್ತು ಇಟ್ಟರೆ ತರಕಾರಿ ದುಡ್ಡೂ ಒಟ್ಟು ಲೆಕ್ಕಕ್ಕೆ ಸೇರುತ್ತದೆ.

ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ. ಕೈಸಾಲ, ನೆಂಟರು ಕಳಿಸಿದ ಹಣವೂ ಇರುತ್ತದೆ. ಅದನ್ನು ನಾವೇ ಬರೆದಿಡದಿದ್ದರೆ ನಾಳೆ ತೋರಿಸುವುದು ಏನನ್ನು? ನಮ್ಮ ಸಂಘ 25 ವರ್ಷ ನಿಂತಿರುವುದೂ ರಸೀದಿ ಪುಸ್ತಕದ ಮೇಲೇ ಅಲ್ಲವೇ? ಅಂಗಡಿ ಇಟ್ಟಿರುವ ನಮ್ಮ ಮಕ್ಕಳೂ ದಿನದ ಲೆಕ್ಕ ಬರೆಯಲಿ, ನೋಟಿಸು ಬಂದರೆ ಬಚ್ಚಿಡದೆ ಉತ್ತರ ಕೊಡಲಿ.