ಆಟದ ಪಾರ್ಕುಗಳು ಯಾಕೆ ಸೋಲುತ್ತವೆ?
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಸಂಘದ ಗುಣಗಾನ ಮಾಡುವುದು ವಾಡಿಕೆ. ಅದನ್ನು ನಮಗಿಂತ ಮೊದಲು ಮಾತಾಡಿದವರು ಚೆನ್ನಾಗಿಯೇ ಮಾಡಿದ್ದಾರೆ. ನಾವು ಬೇರೊಂದು ವಿಷಯ ಎತ್ತಿಕೊಂಡಿದ್ದೇವೆ. ಹೆದ್ದಾರಿ ಪಕ್ಕ ದೊಡ್ಡ ಆಟದ ಪಾರ್ಕು ಬರುತ್ತದಂತೆ, ಜಮೀನು ಕೊಟ್ಟವರಿಗೆ ದುಡ್ಡಿನ ಬದಲು ಷೇರು ಕೊಡ್ತಾರಂತೆ ಎಂಬ ಮಾತು ಅರಳಿಕಟ್ಟೆಯಲ್ಲಿ ಓಡಾಡುತ್ತಿದೆ. ಸಂಘದಲ್ಲಿಟ್ಟ ಠೇವಣಿ ಬಿಡಿಸಿ ಅಲ್ಲಿ ಹಾಕುವ ಯೋಚನೆಯೂ ಕೆಲವರಿಗಿದೆ. ಬೇಡ ಅನ್ನೋಕೆ ನಾವ್ಯಾರು? ಆದರೆ ಇಂಥ ಪಾರ್ಕುಗಳು ಬೇರೆ ಕಡೆ ಏನಾದವು ಎಂಬುದು ತಿಳಿದಿರಲಿ.

ನಮ್ಮ ಜಾತ್ರೆಗೆ ಬರುವ ತೊಟ್ಟಿಲಿನವನನ್ನೇ ನೋಡಿ. ಮೂರು ದಿನ ತಿರುಗಿಸುತ್ತಾನೆ, ಜನ ಕರಗಿದ ಕೂಡಲೇ ಕಳಚಿ ಲಾರಿಗೆ ಹೇರಿಕೊಂಡು ಮುಂದಿನ ಜಾತ್ರೆಗೆ ಹೋಗುತ್ತಾನೆ. ಪಾರ್ಕಿನವನಿಗೆ ಆ ಸೌಕರ್ಯವಿಲ್ಲ. ಭಾನುವಾರ ನೂಕುನುಗ್ಗಲು, ಮಂಗಳವಾರ ಖಾಲಿ. ಪರೀಕ್ಷೆ ಕಾಲದಲ್ಲಿ, ಜಡಿಮಳೆಯಲ್ಲಿ ಕೇಳುವವರೇ ಇಲ್ಲ. ಸಂಬಳ, ಕರೆಂಟು, ಯಂತ್ರದ ತಪಾಸಣೆ ಮಾತ್ರ ನಿಲ್ಲೋದಿಲ್ಲ. ಬಡ್ಡಿಯಂತೂ ರಾತ್ರಿಯೂ ಬೆಳೆಯುತ್ತದೆ, ಅದನ್ನು ಸಂಘದ ಸದಸ್ಯರಿಗೆ ಹೇಳಿಕೊಡಬೇಕಾಗಿಲ್ಲ!

1992ರ ಏಪ್ರಿಲ್ 12ರಂದು ಪ್ಯಾರಿಸ್ ಹತ್ತಿರ ಯೂರೋ ಡಿಸ್ನಿ ಎಂಬ ಪಾರ್ಕು ತೆರೆಯಿತು. ಜಗತ್ತಿನಲ್ಲಿ ಈ ಕಸುಬು ಡಿಸ್ನಿಯವರಿಗಿಂತ ಚೆನ್ನಾಗಿ ಬಲ್ಲವರು ಯಾರು? ವರ್ಷಕ್ಕೆ 1 ಕೋಟಿ 10 ಲಕ್ಷ ಜನ ಬರುತ್ತಾರೆಂದು ಅಂದಾಜು ಮಾಡಿದ್ದರು. ಹತ್ತಿರ ಹತ್ತಿರ 1 ಕೋಟಿ ಬಂದರು. ಆದರೂ 1993ರ ಲೆಕ್ಕದಲ್ಲಿ ನಷ್ಟ 530 ಕೋಟಿ ಫ್ರಾಂಕ್! ತೆರೆಯುವ ಮುಂಚಿನ ಖರ್ಚು ಸೇರಿಸಿ ಬರೆದದ್ದು ನಿಜ, ಆದರೂ ಸಣ್ಣ ಮೊತ್ತವೇ? ಆಗಿದ್ದಿಷ್ಟೆ: ಸುಮಾರು 5,200 ಕೋಣೆಗಳ ಹೋಟೆಲುಗಳನ್ನು ಸಾಲದ ದುಡ್ಡಿನಲ್ಲಿ ಕಟ್ಟಿದ್ದರು. ಜನ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋದರು. ಕೈ ಬಿಗಿ ಹಿಡಿದು ಖರ್ಚು ಮಾಡಿದರು. ಊಟಕ್ಕೆ ದ್ರಾಕ್ಷಾರಸ ಬೇಕೆನ್ನುವ ಫ್ರೆಂಚರಿಗೆ ಪಾರ್ಕಿನೊಳಗೆ ಅದೂ ಇರಲಿಲ್ಲ, 1993ರಲ್ಲಿ ಕೊಡತೊಡಗಿದರು. ಮುದ್ದೆಯೂರಲ್ಲಿ ಮುದ್ದೆಯಿಲ್ಲದ ಹೋಟೆಲು ಇಟ್ಟ ಹಾಗೆ.

1994ರಲ್ಲಿ ಬ್ಯಾಂಕುಗಳು ಕೆಲಕಾಲ ಬಡ್ಡಿ ಬಿಟ್ಟು, ಅಸಲಿನ ಕಂತು ಮುಂದಕ್ಕೆ ಹಾಕಿದವು. ಪಾರ್ಕು ಉಳಿಯಿತು, ಇವತ್ತಿಗೂ ನಡೆಯುತ್ತಿದೆ. ಷೇರುದಾರರ ಪಾಡು? 1989ರಲ್ಲಿ 72 ಫ್ರಾಂಕಿಗೆ ಮಾರಿದ ಷೇರು, 1994ರಲ್ಲಿ ಹೊಸದಾಗಿ ಹೊರಡಿಸಿದಾಗ 10 ಫ್ರಾಂಕು. ಜಮೀನಿನ ಬದಲು ಷೇರು ಅನ್ನುವವರು ಈ ಎರಡು ಅಂಕಿ ಬರೆದಿಟ್ಟುಕೊಳ್ಳಲಿ.

ಜಪಾನಿನ ನಾರಾ ಡ್ರೀಮ್‌ಲ್ಯಾಂಡಿನ ಕಥೆ ಬೇರೆ. ಅಮೆರಿಕದ ಡಿಸ್ನಿಲ್ಯಾಂಡ್ ನೋಡಿ 1961ರಲ್ಲಿ ಕಟ್ಟಿದ್ದು. 1983ರಲ್ಲಿ ಟೋಕಿಯೋಗೆ ಅಸಲಿ ಡಿಸ್ನಿಯೇ ಬಂತು. 2001ರಲ್ಲಿ ಪಕ್ಕದ ಒಸಾಕಾದಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ತೆರೆಯಿತು. ಹಳೇ ಆಟವನ್ನೇ ನೋಡೋಕೆ ಎಷ್ಟು ಸಲ ಬರ್ತಾರೆ? 2006ರಲ್ಲಿ ಬೀಗ ಬಿತ್ತು. ಹತ್ತು ವರ್ಷ ಗಿಡಗಂಟಿ ಬೆಳೆದು ಪಾಳುಬಿದ್ದು, ಆಮೇಲೆ ಕೆಡವಿದರು. ಕೆಲವು ವರ್ಷಕ್ಕೊಮ್ಮೆ ಹೊಸ ಆಟ ತರದಿದ್ದರೆ ಜನ ಬರೋದಿಲ್ಲ, ತರಬೇಕೆಂದರೆ ಮತ್ತೆ ಸಾಲ.

ನಮ್ಮ ದೇಶದಲ್ಲೂ ಉಂಟು. ಮುಂಬೈ-ಪುಣೆ ನಡುವೆ ಖೋಪೋಲಿ ಬಳಿ 2013ರಲ್ಲಿ ತೆರೆದ ಇಮ್ಯಾಜಿಕಾ ಸಾಲದ ಹೊರೆಯಲ್ಲಿ ಸಿಕ್ಕಿಕೊಂಡಿತು, ಅದರ ಮೇಲೆ ಕೋವಿಡ್ ಬಂತು. 2022ರಲ್ಲಿ ಬೇರೆಯವರ ಕೈಗೆ ಹೋಯಿತು. ಹಾಗಂತ ಎಲ್ಲವೂ ಮುಳುಗುತ್ತವೆ ಅಂದರೆ ಅನ್ಯಾಯವಾದೀತು. ಬಿಡದಿಯ ವಂಡರ್‌ಲಾ 2005ರಿಂದ ನಡೆಯುತ್ತಿದೆ. ಆ ಕಂಪನಿ ಅನೇಕ ಆಟಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಂಗಳೂರಿನಂಥ ಊರು ಬಗಲಲ್ಲೇ ಇದೆ. ನಮ್ಮ ಬಗಲಲ್ಲಿ ಏನಿದೆ, ನೀವೇ ಬಲ್ಲಿರಿ.

ಆದ್ದರಿಂದ ಪಾರ್ಕಿನವರು ಬಣ್ಣದ ಚಿತ್ರ ಹಿಡಿದುಕೊಂಡು ಊರಿಗೆ ಬಂದಾಗ, ಸಾಲವೆಷ್ಟು, ಮಂಗಳವಾರ ಎಷ್ಟು ಜನ ಬರ್ತಾರೆ, ಬೇಸಿಗೆಯಲ್ಲಿ ನೀರು ಎಲ್ಲಿಂದ ತರ್ತೀರಿ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಓದಿ ಅರ್ಥ ಮಾಡಿಸಲು ಸಂಘದ ಕಚೇರಿ ಬೆಳಿಗ್ಗೆ ಹತ್ತರಿಂದ ತೆರೆದೇ ಇರುತ್ತದೆ.