ಪೇಟೆಂಟ್ ಆದ ಎಂಜಿನ್ನು ಓಡಲೇಬೇಕೆ?

(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ನೀರಿನಿಂದ ಓಡುವ ಮೋಟಾರು, ಇಂಧನವೇ ಬೇಡದ ಎಂಜಿನ್ನು ಎಂಬ ಸುದ್ದಿಗಳು ಆಗಾಗ ಹುಟ್ಟುತ್ತಲೇ ಇರುತ್ತವೆ. ಅದರ ಬೆನ್ನಿಗೇ ಯಾರಾದರೊಬ್ಬರು ಬಂದು, "ಇದಕ್ಕೆ ಪೇಟೆಂಟ್ ಆಗಿದೆ, ಸ್ವಲ್ಪ ಹಣ ಹಾಕಿರಿ, ಒಂದಕ್ಕೆ ಹತ್ತಾಗುತ್ತದೆ" ಎನ್ನುತ್ತಾರೆ. ಮುದ್ರೆಯೊತ್ತಿದ ಕಾಗದ ಕಂಡರೆ ನಮ್ಮಂಥ ಸಂಬಳದವರಿಗೆ ನಂಬಿಕೆ ಬೇಗ ಬರುತ್ತದೆ. ಬೋನಸ್ಸಿನ ಹಣ, ಊರಿಗೆ ಕಳುಹಿಸಬೇಕಾದ ಹಣ ಹೀಗೆ ಹೋಗಬಾರದು. ಆದ್ದರಿಂದ ಪೇಟೆಂಟ್ ಎಂದರೆ ಏನು, ಏನಲ್ಲ ಎಂಬುದನ್ನು ಇಂದು ವಿಚಾರ ಮಾಡೋಣ.

ಪೇಟೆಂಟ್ ಎಂಬುದು ಒಂದು ಹಕ್ಕು. ಹೊಸ ಯುಕ್ತಿಯನ್ನು ಕಂಡುಹಿಡಿದವನು ಅದನ್ನು ಬರೆದು ಬಹಿರಂಗಪಡಿಸಬೇಕು. ಅದಕ್ಕೆ ಪ್ರತಿಯಾಗಿ, ಅರ್ಜಿ ಹಾಕಿದ ದಿನದಿಂದ 20 ವರ್ಷ, ಅವನ ಒಪ್ಪಿಗೆಯಿಲ್ಲದೆ ಇತರರು ಅದನ್ನು ಮಾಡಿ ಮಾರುವಂತಿಲ್ಲ. ಯುಕ್ತಿ ಹೊಸದೇ, ಬಲ್ಲವರಿಗೆ ತಾನಾಗಿ ಹೊಳೆಯದಂಥದೇ, ಉಪಯೋಗಕ್ಕೆ ಬರುವಂಥದೇ ಎಂದು ಪರೀಕ್ಷಕರು ನೋಡುತ್ತಾರೆ. ಆದರೆ ಸಾಮಾನ್ಯವಾಗಿ ಬರಹವನ್ನು ಓದಿಯೇ ನೋಡುತ್ತಾರೆ. ಎಂಜಿನ್ನನ್ನು ತರಿಸಿ ಓಡಿಸುವ ವಾಡಿಕೆಯಿಲ್ಲ. ಪ್ರಕೃತಿಯ ಸ್ಥಾಪಿತ ನಿಯಮಗಳಿಗೆ ಎದ್ದು ಕಾಣುವಂತೆ ವಿರುದ್ಧವಾದುದಕ್ಕೆ ಪೇಟೆಂಟ್ ಇಲ್ಲವೆಂದು ನಮ್ಮ 1970ರ ಕಾಯಿದೆಯ 3ನೆಯ ಕಲಮು ಹೇಳುತ್ತದೆ. ಆದರೂ ಜಾಣತನದಿಂದ ಬರೆದ ಅರ್ಜಿ ಜರಡಿಯಲ್ಲಿ ನುಸುಳುವುದುಂಟು.

ಅಮೆರಿಕದ ಸ್ಟ್ಯಾನ್ಲಿ ಮೇಯರ್ ಎಂಬಾತನ ಸಂಗತಿ ನೋಡಿರಿ. ನೀರನ್ನು ಒಡೆದು ಗಾಡಿ ಓಡಿಸುವೆನೆಂದು ಆತ ಹೇಳಿದ. ಆತನ ಬಳಿ ನಿಜವಾದ ಪೇಟೆಂಟುಗಳೇ ಇದ್ದವು. ಹಣ ಹಾಕಿದ್ದ ಇಬ್ಬರು ಓಹಾಯೋ ರಾಜ್ಯದ ನ್ಯಾಯಾಲಯಕ್ಕೆ ಹೋದರು. ತಜ್ಞರು ಯಂತ್ರವನ್ನು ನೋಡಿ, ಇದು ವಿದ್ಯುತ್ತಿನಿಂದ ನೀರನ್ನು ಒಡೆಯುವ ಹಳೆಯ ವಿಧಾನವೇ ಎಂದರು. 1996ರಲ್ಲಿ ನ್ಯಾಯಾಲಯ ಇದನ್ನು ಘೋರ ವಂಚನೆಯೆಂದು ತೀರ್ಮಾನಿಸಿ, 25,000 ಡಾಲರ್ ಹಿಂದಿರುಗಿಸಲು ಆಜ್ಞೆ ಮಾಡಿತು. ಕಾರಣ ಸರಳ. ಜಲಜನಕ ಉರಿದರೆ ಆಗುವುದೇ ನೀರು. ಒಲೆಯ ಬೂದಿ ಇದ್ದಂತೆ. ಅದನ್ನು ಮತ್ತೆ ಒಡೆಯಲು, ಉರಿದಾಗ ದೊರೆಯುವಷ್ಟು ಶಕ್ತಿಯನ್ನಾದರೂ ಮೊದಲು ನಾವೇ ಕೊಡಬೇಕು. ಇದರಲ್ಲಿ ಲಾಭವೆಲ್ಲಿಂದ ಬಂತು?

ಹಾಗೆಂದು, ಇನ್ನೂ ಸಿದ್ಧವಾಗದ ಯುಕ್ತಿಯೆಲ್ಲ ಮೋಸವೆನ್ನಲಾಗದು. ರುಡಾಲ್ಫ್ ಡೀಸೆಲ್‌ಗೆ ಜರ್ಮನಿಯಲ್ಲಿ 1893ರಲ್ಲಿ ಪೇಟೆಂಟ್ ದೊರೆತಾಗ ಆತನ ಎಂಜಿನ್ನು ಇನ್ನೂ ಓಡಿರಲಿಲ್ಲ. ಔಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ತಿದ್ದಿ ತೀಡಬೇಕಾಯಿತು. ಕಡೆಗೆ ನಿಂತ ಎಂಜಿನ್ನು ಮೊದಲಿನ ಬರಹದಂತೆಯೇ ಇರಲಿಲ್ಲ. 1897ರಲ್ಲಿ ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಅದನ್ನು ಅಳೆದು ನೋಡಿದರು. ಇಂಧನದ ಶಕ್ತಿಯಲ್ಲಿ ನೂರಕ್ಕೆ 26ರಷ್ಟು ಕೆಲಸಕ್ಕೆ ಬರುತ್ತಿತ್ತು. ಆ ಕಾಲದ ಉಗಿಯಂತ್ರಗಳನ್ನು ಅದು ಬಹಳ ಹಿಂದೆ ಹಾಕಿತು. ಡೀಸೆಲ್‌ಗೂ ಮೇಯರ್‌ಗೂ ಪೇಟೆಂಟ್ ಇತ್ತು. ಪರರ ಅಳತೆಯಲ್ಲಿ ನಿಂತದ್ದು ಒಬ್ಬರ ಯಂತ್ರ ಮಾತ್ರ.

ಗಿರಣಿಗೆ ಅರಳೆ ಬಂದರೆ ಚೀಟಿಯಲ್ಲಿ ಬರೆದ ತೂಕವನ್ನೇ ನಂಬಿ ನಾವು ಪುಸ್ತಕಕ್ಕೆ ಏರಿಸುವುದಿಲ್ಲ. ಕಾಟಾದ ಮೇಲೆ ಇಡಿಸುತ್ತೇವೆ. ಮಾಲೀಕನ ಹಣಕ್ಕೆ ಇಷ್ಟು ಎಚ್ಚರವಿರುವ ನಾವು ನಮ್ಮ ಹಣಕ್ಕೂ ಅಷ್ಟು ಎಚ್ಚರ ವಹಿಸಬೇಡವೆ?

ಯಾರಾದರೂ ಇಂಥ ಕಾಗದ ತಂದರೆ ಮೂರು ಮಾತು ಕೇಳಿರಿ. ಪೇಟೆಂಟ್ ದೊರೆತಿದೆಯೇ, ಬರಿಯ ಅರ್ಜಿಯೇ? ಅರ್ಜಿಗೂ ಒಂದು ಸಂಖ್ಯೆ ಇರುತ್ತದೆ, ಮೋಸಹೋಗಬೇಡಿರಿ. ಒಳಗೆ ಹೋದ ಶಕ್ತಿ ಎಷ್ಟು, ಹೊರಗೆ ಬಂದದ್ದು ಎಷ್ಟು? ಅದನ್ನು ಅಳೆದವರು ಯಾರು, ಅವರಿಗೆ ಈ ಕಂಪನಿಯಲ್ಲಿ ಪಾಲಿದೆಯೇ? ಉತ್ತರ ಬರಹದಲ್ಲಿ ಬರುವವರೆಗೆ ಹಣ ನಿಮ್ಮ ಬಳಿಯೇ ಇರಲಿ. ಪ್ರಕಟವಾದ ಪೇಟೆಂಟುಗಳನ್ನು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಇಂಗ್ಲಿಷು ತೊಡಕೆನಿಸಿದರೆ ಕಾಗದವನ್ನು ಇಲ್ಲಿಗೆ ತನ್ನಿರಿ, ಕೂಡಿ ಓದೋಣ.